ಎಡಗಡೆಯ ಕ್ರ್ಯಾಂಕು

ಸೈಕಲ್ಲಿನ ಹ್ಯಾಂಡಲ್ಲು ಅಟ್ಟದ ಬಾಯಿಗೆ ಅಡ್ಡಡ್ಡ ಸಿಕ್ಕಿಕೊಂಡಿತ್ತು. ಮಗಳು ಸ್ಟೂಲಿನ ಮೇಲೆ ತುದಿಗಾಲಲ್ಲಿ ನಿಂತು ಅದನ್ನು ಒಳಕ್ಕೆ ತಳ್ಳುತ್ತಿದ್ದಳು. ಬಲಕ್ಕೆ ತಿರುಗಿಸಿದರೆ ಎಡತುದಿ ತಾಗುತ್ತಿತ್ತು, ಎಡಕ್ಕೆ ತಿರುಗಿಸಿದರೆ ಬಲತುದಿ. ಕೆಳಗೆ ಸ್ಟೂಲು ಹಿಡಿದುಕೊಂಡಿದ್ದ ತಾಯಿ ಅಳುವುದನ್ನೂ ಮರೆತು ಪಿಸುದನಿಯಲ್ಲೇ ಬೈಯುತ್ತಿದ್ದಳು.

"ಮೆಲ್ಲಗೆ ಕಣೇ! ಗೀಚಿಬಿಟ್ಟೀಯ. ಎಷ್ಟು ತಿಂಗಳು ಉಜ್ಜಿದಾರೆ ಅದನ್ನ!"

"ಗೀಚಿದ್ರೆ ಈಗ ಯಾರಮ್ಮ ಕೇಳ್ತಾರೆ?"

ಅಂದ ಮೇಲೆ ತಾನೇನು ಅಂದೆ ಎಂಬುದು ಅವಳಿಗೇ ಕೇಳಿಸಿತು. ಕೇಳಬೇಕಾದವನು ಪಕ್ಕದ ಹಾಲಿನಲ್ಲಿ ಬಿಳಿ ಬಟ್ಟೆ ಹೊದ್ದು ಮಲಗಿದ್ದ, ಸುತ್ತ ಬೀದಿಯವರೆಲ್ಲ ಕೂತಿದ್ದರು.

ಅಪ್ಪ ಬದುಕಿಡೀ ನೀರಿನ ಮೀಟರು ಓದಿದವನು. ಊರಿಗೆಲ್ಲ ಅವನು ಮೀಟರಪ್ಪ. ಹೆತ್ತವರು ಇಟ್ಟ ಹೆಸರು ಸಂಬಳದ ಚೀಟಿ ಬಿಟ್ಟು ಆಚೆಗೆ ಬರಲೇ ಇಲ್ಲ. ಜೊತೆಗಾರರು ಸೈಕಲ್ಲು ಹತ್ತಿದರು, ಸೈಕಲ್ಲು ಬಿಟ್ಟು ಸ್ಕೂಟರು ಹತ್ತಿದರು. ಇವನು ಮಾತ್ರ ಟಾರ್ಚು ಹಿಡಿದು ನಡೆದೇ ನಡೆದ. ಗೇಟು ತಟ್ಟಿ, ನಾಯಿಗಳನ್ನು ಮಾತಾಡಿಸಿ, ಕೆಸರು ಗುಂಡಿಗಳಿಗೆ ಬಗ್ಗಿ ಅಂಕಿ ಓದಿ, ಮತ್ತೆ ನಡಿಗೆ. "ಕಾಲು ಸವೆದ್ರೆ ಸವೀಲಿ, ನಂಗೆ ಚಕ್ರ ಬೇಡ" ಎನ್ನುತ್ತಿದ್ದ. ಅಂಥ ಮನುಷ್ಯ ಕೆಲಸ ಬಿಟ್ಟು ಮನೆಯಲ್ಲಿ ಕೂತ ಮೇಲೆ ಅದೇನು ಹೊಕ್ಕಿತೋ, ಒಂದು ದಿನ ಅಟ್ಟ ಹತ್ತಿ, ಗೋಣಿಯಲ್ಲಿ ಸುತ್ತಿಟ್ಟಿದ್ದ ಹಳೇ ಲೇಡೀಸ್ ಸೈಕಲ್ಲನ್ನು ಕೆಳಗಿಳಿಸಿದ. ಬಿಚ್ಚಿದ. ಉಜ್ಜಲು ಕೂತ.

ಆಮೇಲೆ ಅದು ಮನೆಯಾಗಿ ಉಳಿಯಲಿಲ್ಲ. ಚೈನು ಸೀಮೆಎಣ್ಣೆಯ ಡಬ್ಬದಲ್ಲಿ, ರಿಮ್ಮುಗಳು ಬಾಗಿಲ ಹಿಂದೆ, ಕಡ್ಡಿಗಳು ವಿನೆಗರ್ ತುಂಬಿದ ಪೈಪಿನೊಳಗೆ. ಬೇರಿಂಗ್ ಗುಂಡುಗಳು ಖಾಲಿ ಮಾತ್ರೆ ಡಬ್ಬಿಯಲ್ಲಿ. ಅಮ್ಮ ಒಂದು ಸಲ ಬಿ.ಪಿ. ಮಾತ್ರೆ ಎಂದು ಗುಂಡನ್ನೇ ಬಾಯಿಗೆ ಹಾಕಿಕೊಂಡು, ನೀರು ಕುಡಿಯುವ ಮುಂಚೆ ಹಲ್ಲಿಗೆ ತಾಗಿ ಉಗುಳಿದಳು. "ಇನ್ನೊಂದು ಗಳಿಗೆ ಆಗಿದ್ರೆ ಹೊಟ್ಟೇಲಿ ಚಕ್ರ ತಿರುಗ್ತಿತ್ತು" ಎಂದು ಬೀದಿಗೆಲ್ಲ ಹೇಳಿಕೊಂಡು ನಕ್ಕಿದ್ದಳು. ನಿನ್ನೆ ಮಧ್ಯಾಹ್ನ ಹಿತ್ತಲ ಮೆಟ್ಟಿಲ ಮೇಲೆ ಕೂತು ಕ್ರ್ಯಾಂಕು ಉಜ್ಜುತ್ತಿದ್ದವನು ಹಾಗೇ ಗೋಡೆಗೆ ಒರಗಿದ. ಟೀ ತಂದ ಅಮ್ಮ, ತೂಕಡಿಸುತ್ತಿದ್ದಾರೆ ಅಂದುಕೊಂಡಳು. ಅವನ ಮುಷ್ಟಿಯಿಂದ ಆ ಕ್ರ್ಯಾಂಕನ್ನು, ಅಂದರೆ ಪೆಡಲನ್ನು ಹಿಡಿದು ತಿರುಗಿಸುವ ಆ ಕಬ್ಬಿಣದ ತೋಳನ್ನು, ಬಿಡಿಸಿಕೊಳ್ಳಬೇಕಾದರೆ ಸಾಕುಬೇಕಾಯಿತು. ಹೆಬ್ಬೆರಳಿಗೆ ಹತ್ತಿದ್ದ ಪಾಲಿಶಿನ ಕಪ್ಪು ಎಷ್ಟು ತೊಳೆದರೂ ಹೋಗಲಿಲ್ಲ.

ಈಗ ಅತ್ತೆ ಬರುವವಳಿದ್ದಳು. ಅಪ್ಪನ ಒಬ್ಬಳೇ ತಂಗಿ. ಈ ಸೈಕಲ್ಲಿನ ದೆಸೆಯಿಂದಲೇ ಅಣ್ಣನ ಜೊತೆ ಮಾತು ಬಿಟ್ಟು, ಇತ್ತ ಕಾಲಿಡದೆ ಇದ್ದವಳು. ಅವಳು ಬಂದು ಒಂದು ಸಲ ಅಪ್ಪನ ಮುಖ ನೋಡಲಿ, ಬೈಯುವುದಾದರೆ ಬೈದುಕೊಂಡೇ ನೋಡಲಿ. ಸ್ಮಶಾನಕ್ಕೆ ಒಯ್ಯುವ ಗಾಡಿ ಬರುವ ಮುಂಚೆ ಅಷ್ಟಾಗಿಬಿಡಲಿ. ಮಗಳಿಗೆ ಬೇಕಾಗಿದ್ದು ಅಷ್ಟೇ. ಅದಕ್ಕೇ ಬೆಳಗಿನಿಂದ ಸೈಕಲ್ಲಿನ ಒಂದೊಂದೇ ತುಂಡನ್ನು ಕಣ್ಮರೆ ಮಾಡುತ್ತಿದ್ದಳು.

"ಬಂದ್ರು, ನಿಮ್ಮತ್ತೆ ಬಂದ್ರು! ಗೇಟ್ ಹತ್ರ ಇದಾರೆ," ಎಂದು ಎದುರು ಅಂಗಡಿಯ ಟೈಲರ್ ಮಾಮ ಬಾಗಿಲಿಂದ ಕೂಗಿದರು.

ಮಗಳು ಬೆಚ್ಚಿದಳು. ಹ್ಯಾಂಡಲ್ಲು ಕೈಜಾರಿ, ಅಮ್ಮನ ಹೆಗಲು ಸವರಿಕೊಂಡು, ನೆಲಕ್ಕೆ ಬಿತ್ತು. ಅದರಲ್ಲೇ ಇದ್ದ ಬೆಲ್ಲು 'ಟ್ರಿಣ್ ಟ್ರಿಣ್' ಎಂದು ಮನೆ ತುಂಬ ಬಡಿದುಕೊಂಡಿತು. ಹಾಲಿನಲ್ಲಿ ಅಳುತ್ತಿದ್ದವರೂ ಅಳು ನಿಲ್ಲಿಸಿದರು.

ಅವಳು ಎದ್ದುಬಿದ್ದು ಹೊರಗೆ ಓಡಿ ಬಂದಾಗ ಗೇಟು ಅರ್ಧ ತೆರೆದಿತ್ತು. ಅಲ್ಲಿ ಯಾರೂ ಇರಲಿಲ್ಲ. ರಸ್ತೆಯ ಆಚೆ, ಟೈಲರ್ ಅಂಗಡಿಯ ಬೆಂಚಿನ ಕಡೆಗೆ, ಅತ್ತೆ ಬೆನ್ನು ಹಾಕಿ ಕುಂಟುತ್ತಾ ಹೋಗುತ್ತಿದ್ದಳು.

*

ಆ ಸೈಕಲ್ಲು ಅಣ್ಣ ತಂಗಿ ಇಬ್ಬರಿಗೂ ಸೇರಿ ತಂದದ್ದು. ಇಬ್ಬರಿಗೆ ಎರಡು ಕೊಡಿಸುವ ಶಕ್ತಿ ಇಲ್ಲದ ಅಜ್ಜ, ನಡುವೆ ಅಡ್ಡಕಂಬಿ ಇಲ್ಲದ ಲೇಡೀಸ್ ಸೈಕಲ್ಲನ್ನೇ ತಂದರೆ ಮುಂದೆ ಹುಡುಗಿಗೂ ಆಗುತ್ತದೆ ಎಂದು ಲೆಕ್ಕ ಹಾಕಿದ. ಅಣ್ಣನನ್ನು ಶಾಲೆಯ ಹುಡುಗರು "ಏನಮ್ಮಾ, ಎಲ್ಲಿಗೆ ಹೊರಟೆ?" ಎಂದು ರೇಗಿಸುತ್ತಿದ್ದರು. ಅವನು ಹಲ್ಲು ಕಚ್ಚಿಕೊಂಡು ತುಳಿದ. ತಂಗಿ ಹಿಂದಿನ ಕ್ಯಾರಿಯರ್ ಮೇಲೆ. ಒಪ್ಪಂದವೂ ಆಗಿತ್ತು: ಈ ವರ್ಷ ಅವನ ಪಾಳಿ, ಮುಂದಿನ ವರ್ಷ ಅವಳದು.

ಇಳಿಜಾರಿಗೆ ಬಂದಾಗೆಲ್ಲ ಅವನು "ಕಾಲು ಅಗಲ ಇಟ್ಕೊಳೇ" ಎಂದು ಕೂಗುತ್ತಿದ್ದ. ಆ ದಿನ, ರೇಗಿಸುವ ಹುಡುಗರನ್ನು ಹಿಂದೆ ಹಾಕುವ ಹುರುಪಿನಲ್ಲಿ, ಕೂಗುವುದನ್ನು ಮರೆತ. ಅವಳ ಎಡಗಾಲು ಚಕ್ರದ ಕಡ್ಡಿಗಳಿಗೆ ಸಿಕ್ಕಿತು, ಸೈಕಲ್ಲು ಅವಳ ಮೇಲೇ ಮಗುಚಿತು. ಮುರಿದ ಮೂಳೆಯನ್ನು ಕೂಡಿಸಿದವನು ಹೇಗೆಹೇಗೋ ಕೂಡಿಸಿದ. ಕಾಲು ಗಿಡ್ಡವಾಗಿ, ಮಂಡಿ ಅರ್ಧಕ್ಕಿಂತ ಹೆಚ್ಚು ಮಡಚದ ಹಾಗೆ ಉಳಿದುಬಿಟ್ಟಿತು. ಸೈಕಲ್ಲು ಅಟ್ಟ ಸೇರಿತು. ಅಣ್ಣ ನಡೆಯಲು ಶುರು ಮಾಡಿದ.

ಅತ್ತೆ ಅವನನ್ನು ಎಂದೂ ದೂರಲಿಲ್ಲ, ಅದು ಅವಳ ದೊಡ್ಡತನ. ಟೆಲಿಫೋನ್ ಕಚೇರಿಯಲ್ಲಿ ಕೈಯಿಂದ ಲೈನು ಜೋಡಿಸುತ್ತಾ 'ಹಲೋ ಹಲೋ' ಎಂದೇ ಆಯಸ್ಸು ಕಳೆದವಳು. ಬಾಯಿ ಗಟ್ಟಿ, ಕೋಪ ಮೂಗಿನ ತುದಿಯಲ್ಲಿ, ಮನಸ್ಸು ಮಾತ್ರ ಬೆಣ್ಣೆ. ಹೋದ ವರ್ಷ ಒಂದು ಸಂಜೆ ಗೇಟಿನ ಬಳಿ ನಿಂತು, ಬೀದಿಯಲ್ಲಿ ಸೈಕಲ್ಲು ಹೊಡೆಯುತ್ತಿದ್ದ ಹುಡುಗಿಯರನ್ನು ನೋಡುತ್ತಾ, "ನೋಡೋ ಅಣ್ಣ, ನನ್ನ ಪಾಳಿ ಬರ್ಲೇ ಇಲ್ಲ" ಎಂದು ನಕ್ಕಳು. ನಗುತ್ತಾ ಆಡಿದ ಮಾತು. ಅಪ್ಪ ಅಟ್ಟ ಹತ್ತಿದ್ದು ಅದರ ಮಾರನೆಯ ದಿನ.

ಜಗಳವಾದದ್ದು ಮುಂದಿನ ಸಲ ಅವಳು ಬಂದಾಗ. ಅಪ್ಪ ಅವಳನ್ನು ಹಿತ್ತಲ ಬಾಗಿಲ ಹತ್ತಿರ ಕುರ್ಚಿಯಲ್ಲಿ ಕೂರಿಸಿ, ಎಡಪಾದದ ಮುಂದೆ ಒಂದು ಇಟ್ಟಿಗೆ ಇಟ್ಟ.

"ಇದರ ಮೇಲೆ ಕಾಲೆತ್ತಿಡು ನೋಡೋಣ."

ಅವಳು ಇಟ್ಟಳು. ಅವನು ಇನ್ನೊಂದು ಪೇರಿಸಿದ.

"ಇದಕ್ಕೆ?"

"ಏನೋ ಇದು, ಡಾಕ್ಟರ್ ಆಟ?" ಅನ್ನುತ್ತಲೇ ಅವಳು ಕಷ್ಟಪಟ್ಟು ಎತ್ತಿಟ್ಟಳು. ಹಣೆ ಬೆವರಿತು.

"ಇನ್ನೊಂದು?" ಎಂದ ಅಪ್ಪ, ಮೂರನೆಯ ಇಟ್ಟಿಗೆ ಹಿಡಿದುಕೊಂಡು.

ಕಾಲು ಏಳಲಿಲ್ಲ. ಅದೇ ಹೊತ್ತಿಗೆ ಬಾಗಿಲು ಗಾಳಿಗೆ ಸರಿದು, ಹಿಂದೆ ಇಟ್ಟಿದ್ದ ರಿಮ್ಮು ಫಳಕ್ಕೆಂದು ಹೊಳೆಯಿತು. ಅತ್ತೆ ಅದನ್ನು ನೋಡಿದಳು, ನೆಲದ ಮೇಲಿದ್ದ ಸೈಕಲ್ಲಿನ ಚೌಕಟ್ಟನ್ನು ನೋಡಿದಳು, ಇಟ್ಟಿಗೆಯನ್ನು ನೋಡಿದಳು.

"ನನ್ನ ಕಾಲು ನುಂಗಿದ್ದಕ್ಕೆ ಬಣ್ಣ ಬಳಿದು ಸಿಂಗಾರ ಮಾಡ್ತಿದೀಯಾ? ಮೇಲಿಂದ ಅದು ಎಷ್ಟು ನುಂಗಿದೆ ಅಂತ ಅಳತೆ ಬೇರೆ!"

"ಇರೇ, ಮುಗೀಲಿ..." ಎಂದ ಅಪ್ಪ.

"ಮುಗೀತು," ಎಂದು ಎದ್ದು ಹೋದಳು. ಅವನು ಹಿಂದೆ ಹೋಗಿ ಒಂದು ಮಾತು ಬಿಡಿಸಿ ಹೇಳಬಾರದಿತ್ತೇ? ಊಹೂಂ. ಕೆಲಸ ಮುಗಿಯುವ ತನಕ ತುಟಿ ಬಿಚ್ಚುವ ಜಾತಿಯೇ ಅಲ್ಲ ಅವನು. ಏನು ಮಾಡುತ್ತಿದ್ದೀರಿ, ಯಾಕೆ ಮಾಡುತ್ತಿದ್ದೀರಿ ಎಂದು ಹೆಂಡತಿ ಕೇಳಿದರೂ ಅಷ್ಟೇ, ಮಗಳು ಕೇಳಿದರೂ ಅಷ್ಟೇ: "ಮುಗೀಲಿ."

*

ಟೈಲರ್ ಅಂಗಡಿಯ ಬೆಂಚಿನ ಮೇಲೆ ಅತ್ತೆ ನೆಟ್ಟಗೆ ಕೂತಿದ್ದಳು. ಅತ್ತು ಅತ್ತು ಕಣ್ಣು ಕೆಂಡವಾಗಿತ್ತು.

"ಅತ್ತೆ, ಒಳಗೆ ಬಾ."

"ಎರಡು ಬಸ್ಸು ಬದಲಾಯಿಸಿ ಬಂದಿದೀನಿ ಕಣೇ. ದಾರಿ ಉದ್ದಕ್ಕೂ ಅಂದ್ಕೊಂಡೆ, ಹೋಗ್ಲಿ ಬಿಡು, ಸತ್ತವನ ಹತ್ರ ಎಂಥ ಸಿಟ್ಟು ಅಂತ. ಗೇಟಿಗೆ ಕೈ ಹಾಕ್ದೆ. ಆ ಬೆಲ್ಲು ಹೊಡೀತು. ಬಿದ್ದ ದಿನಾನೂ ಹೀಗೇ ಹೊಡ್ಕೊಳ್ತಿತ್ತು. ನಾನು ಅದರ ಅಡೀಲಿ ಬಿದ್ದಿದ್ದೆ, ಅದು ಹೊಡ್ಕೊಳ್ತಾನೇ ಇತ್ತು. ಇವತ್ತೂ ಅದೇ ಸ್ವಾಗತ ಮಾಡ್ಬೇಕಾ ನಂಗೆ?"

"ನನ್ನ ಕೈಯಿಂದ ಬಿತ್ತು ಅತ್ತೆ. ತಪ್ಪು ನಂದು."

"ಯಾರದ್ದಾದ್ರೂ ಇರ್ಲಿ. ಅದು ಆ ಮನೆಯಿಂದ ಹೊರಗೆ ಹೋದ್ರೆ ನಾನು ಒಳಗೆ ಬರ್ತೀನಿ. ಇಲ್ಲಾಂದ್ರೆ ಇಲ್ಲಿಂದಾನೇ ಕೈ ಮುಗಿದು ಬಸ್ಸು ಹತ್ತೀನಿ."

ಟೈಲರ್ ಮಾಮ ಕತ್ತರಿಯನ್ನು ಸುಮ್ಮನೆ ತೆಗೆದು ಮುಚ್ಚಿ ಮಾಡುತ್ತಾ, "ಗಾಡಿ ಈಗ ಬರತ್ತೆ ಮಗಾ," ಎಂದರು. "ಬಂದ್ರೆ ಅವರು ನಿಲ್ಲಲ್ಲ. ಏನಾದ್ರೂ ಒಂದು ಮಾಡು."

ಮಗಳಿಗೆ ಇನ್ನೇನು ದಾರಿ? ಬಂದವರ ನಡುವೆ ಸೈಕಲ್ ಶಾಪಿನ ಪಂಕ್ಚರಣ್ಣ ಇದ್ದ. ಅಪ್ಪನಿಗೆ ಉಪ್ಪುಕಾಗದ, ಪಾಲಿಶು ಎಲ್ಲ ಒದಗಿಸುತ್ತಿದ್ದವನು ಅವನೇ. ಅವನ ತಳ್ಳುಗಾಡಿ ಹೊರಗೇ ನಿಂತಿತ್ತು. ಅವನನ್ನು ಹಿತ್ತಲಿಗೆ ಕರೆದು ಹೇಳಿದಳು.

"ಎಲ್ಲ ತಗೊಂಡು ಹೋಗಿಬಿಡು ಅಣ್ಣ. ಈಗಲೇ. ಏನು ಬೇಕಾದ್ರೂ ಮಾಡ್ಕೋ, ಮತ್ತೆ ಇಲ್ಲಿಗೆ ಮಾತ್ರ ತರಬೇಡ."

ಅಮ್ಮ ಬಾಗಿಲಲ್ಲಿ ನಿಂತಿದ್ದಳು. "ಅದೂ ಹೋದ್ರೆ ನಿಮ್ಮಪ್ಪ ಎರಡು ಸಲ ಹೋದ ಹಾಗೆ" ಎಂದಳು. ಸೆರಗಿನಲ್ಲಿ ಮೂಗು ಒರೆಸಿಕೊಂಡು, "ಕೊಡು. ಅವಳು ಬರ್ಲಿ. ತಂಗಿ ಬರದೇ ಹೋದ್ರೆ ಅವರಿಗೆ ಸಮಾಧಾನ ಇರಲ್ಲ" ಎಂದು ತಾನೇ ಹೋಗಿ ಮಾತ್ರೆ ಡಬ್ಬಿ ತಂದುಕೊಟ್ಟಳು.

*

ಭಾನುವಾರ ಮಗಳು ಬಂದಾಗೆಲ್ಲ ಅಪ್ಪ ಅವಳಿಗೊಂದು ಕೆಲಸ ಇಟ್ಟಿರುತ್ತಿದ್ದ. ಹಿತ್ತಲ ಮೆಟ್ಟಿಲ ಮೇಲೆ ಪಕ್ಕಕ್ಕೆ ಕೂರಿಸಿಕೊಂಡು, "ಕಣ್ಣು ಮುಚ್ಕೋ" ಎನ್ನುತ್ತಿದ್ದ. ಆಮೇಲೆ ಅವಳ ತೋರುಬೆರಳು ಹಿಡಿದು ಕ್ರ್ಯಾಂಕಿನ ಮೇಲೆ ಇಡುತ್ತಿದ್ದ.

"ಮೇಲಿಂದ ಕೆಳಗೆ ಬಾ. ಏನಾದ್ರೂ ಬೆರಳಿಗೆ ಸಿಗ್ತಾ?"

ತಣ್ಣನೆಯ, ನುಣ್ಣನೆಯ ಕಬ್ಬಿಣ. ನಡುವೆ ಒಂದು ಕಡೆ, ಕೂದಲೆಳೆಯಷ್ಟು, ಏನೋ ತಡೆಯುತ್ತಿತ್ತು.

"ಇಲ್ಲಿ ಸಿಗ್ತು."

"ಥೂ ಇದರ!" ಎನ್ನುತ್ತಿದ್ದ. ಮತ್ತೆ ಒರಟು ಕಾಗದದಿಂದ ಶುರು, ಆಮೇಲೆ ನಯದ್ದು, ಆಮೇಲೆ ಇನ್ನೂ ನಯದ್ದು, ಕೊನೆಗೆ ಫ್ಲಾನಲ್ ಬಟ್ಟೆಗೆ ಪಾಲಿಶು ಹಚ್ಚಿ ಹೆಬ್ಬೆರಳಿಂದ ತಿಕ್ಕುವುದು.

"ಅಲ್ಲಪ್ಪಾ, ಕಣ್ಣಿಗೆ ಕಾಣಲ್ಲ. ಕಾಲಲ್ಲಿ ತುಳಿಯೋ ಸಾಮಾನು. ಅದನ್ನ ಯಾರು ಬೆರಳಾಡಿಸಿ ನೋಡ್ತಾರೆ?"

"ನೋಡೋರು ನೋಡ್ತಾರೆ. ನಂಗಿಂತ ಚುರುಕು ಬೆರಳು ಅವರದ್ದು."

"ಯಾರದು?"

"ಮುಗೀಲಿ."

"ಎಲ್ಲ ಬಿಟ್ಟು ಇದೊಂದು ಕಡೆ ಯಾಕೆ ಹೀಗೆ ಗಂಟಿದೆ?"

"ಕಬ್ಬಿಣ ಅಂದ್ಮೇಲೆ ಗಂಟು ಇರತ್ತೆ," ಎಂದು ಅಪ್ಪ ಮುಖ ಆ ಕಡೆ ತಿರುಗಿಸಿಕೊಂಡಿದ್ದ.

*

ಪಂಕ್ಚರಣ್ಣ ಗೋಣಿಚೀಲ ಬಿಡಿಸಿ ಒಂದೊಂದೇ ಹಾಕತೊಡಗಿದ. ರಿಮ್ಮು, ಮಡ್‌ಗಾರ್ಡು, ಸರಳು, ಚೈನು. ಕೈಗೆ ಬಂದದ್ದನ್ನೆಲ್ಲ ಬೆಳಕಿಗೆ ಹಿಡಿದು 'ಛೆ, ಛೆ' ಎನ್ನುತ್ತಿದ್ದ. "ಕನ್ನಡಿ ಮಾಡಿಟ್ಟಿದಾರಲ್ಲ ಮಹರಾಯರು."

"ಬೇಗ ಅಣ್ಣ."

ಕೊನೆಗೆ ಉಳಿದದ್ದು ಎರಡು ಕ್ರ್ಯಾಂಕು. ಬಲಗಡೆಯದು ಹಲ್ಲುಚಕ್ರದ ಸಮೇತ ಮೆಟ್ಟಿಲ ಕೆಳಗಿತ್ತು. ಎಡಗಡೆಯದನ್ನು ಅಮ್ಮ ಫ್ಲಾನಲ್ ಬಟ್ಟೆಯಲ್ಲಿ ಸುತ್ತಿ ಕಿಟಕಿಯಲ್ಲಿ ಇಟ್ಟಿದ್ದಳು. ಪಂಕ್ಚರಣ್ಣ ಅದನ್ನು ಬಿಡಿಸಿ, ಎರಡನ್ನೂ ಪಕ್ಕಪಕ್ಕ ಹಿಡಿದು, ಹುಬ್ಬು ಗಂಟಿಕ್ಕಿದ.

"ಇದೇನಿದು? ಜೋಡಿ ತಪ್ಪಿದೆ."

"ಏನಾಯ್ತು?"

"ಎಡಗಡೇದು ಗಿಡ್ಡ ನೋಡು. ಮೂರು ಬೆರಳು ಗಿಡ್ಡ. ಇದನ್ನ ಹಾಕಿದ್ರೆ ಒಂದು ಕಾಲು ದೊಡ್ಡ ಸುತ್ತು, ಒಂದು ಕಾಲು ಚಿಕ್ಕ ಸುತ್ತು. ತುಳಿಯೋರು ಕುಂಟ್ತಾ ತುಳೀಬೇಕು." ಅವನು ತಿರುಗಿಸಿ ನೋಡಿದ, ಉಗುರಿನಿಂದ ಕೆರೆದ. "ಕತ್ತರಿಸಿ ಕೂಡಿಸಿದ ಗುರುತೂ ಇಲ್ಲ. ಎಲ್ಲೋ ಮಕ್ಕಳ ಸೈಕಲ್ಲಿಂದು ತಂದಿರ್ಬೇಕು. ಪಾಪ, ವಯಸ್ಸಾಗಿತ್ತು, ಗೊತ್ತಾಗಿಲ್ಲ."

ಕುಂಟುತ್ತಾ ತುಳಿಯಬೇಕು.

ಮಗಳು ಎರಡನ್ನೂ ಅವನ ಕೈಯಿಂದ ಕಿತ್ತುಕೊಂಡು, ಗಿಡ್ಡದರ ಮೇಲೆ ಕಣ್ಣು ಮುಚ್ಚಿ ಬೆರಳಾಡಿಸಿದಳು. ಆ ಜಾಗ ಅವಳಿಗೆ ಗೊತ್ತಿತ್ತು, ಎಷ್ಟು ಭಾನುವಾರ ಅಲ್ಲಿ ಬೆರಳು ತಡೆದಿರಲಿಲ್ಲ! ಈಗ ಏನೂ ಸಿಗಲಿಲ್ಲ. ಮಕ್ಕಳ ಸೈಕಲ್ಲಿನದಲ್ಲ ಇದು. ಕಬ್ಬಿಣದ ಗಂಟೂ ಅಲ್ಲ, ಕತ್ತರಿಸಿ ಕೂಡಿಸಿದ ಬೆಸುಗೆ. ಮೆಟ್ಟಿಲ ಮೂಲೆಯಲ್ಲಿ ಎರಡು ಇಟ್ಟಿಗೆ ಒಂದರ ಮೇಲೊಂದು ಇನ್ನೂ ಹಾಗೇ ಇದ್ದವು, ಪಕ್ಕದಲ್ಲಿ ಮೂರನೆಯದು ಒಂಟಿಯಾಗಿ ಬಿದ್ದಿತ್ತು.

ಅಯ್ಯೋ ಅಪ್ಪಾ, ಒಂದು ಮಾತು ಹೇಳೋಕೆ ಏನಾಗಿತ್ತು ನಿಂಗೆ!

ಹೊರಗೆ ಗಾಡಿಯ ಹಾರನ್ನು ಕೇಳಿಸಿತು. ಬಂದೇಬಿಟ್ಟಿತು. ಪಂಕ್ಚರಣ್ಣ ಚೀಲವನ್ನೂ ಚೌಕಟ್ಟನ್ನೂ ಹೊತ್ತು ತಳ್ಳುಗಾಡಿಗೆ ಹಾಕಿ, ಗೇಟು ದಾಟಿಸಿದ. ಟೈಲರ್ ಅಂಗಡಿಯ ಬೆಂಚಿನಿಂದ ಅತ್ತೆ ಅದನ್ನು ನೋಡಿದಳು. ನೋಡಿ, ಮೊಣಕಾಲಿಗೆ ಕೈ ಊರಿ ಏಳತೊಡಗಿದಳು. ಮಗಳು ಬಾಯಿ ಮುಚ್ಚಿಕೊಂಡಿದ್ದರೆ ಸಾಕಿತ್ತು, ಅತ್ತೆ ಒಳಗೆ ಬರುತ್ತಿದ್ದಳು, ಅಣ್ಣನ ಮುಖ ನೋಡುತ್ತಿದ್ದಳು, ಎಲ್ಲ ಸುಸೂತ್ರ ಮುಗಿಯುತ್ತಿತ್ತು. ಈಗ ಆ ಕಬ್ಬಿಣವನ್ನು ಮತ್ತೆ ಅವಳ ಕಣ್ಣಿಗೆ ಹಿಡಿದರೆ ಆಗುವುದೇನು? ಒಂದು ಮಾತು ಹೆಚ್ಚುಕಡಿಮೆಯಾದರೂ ಬಸ್ಸು ಹತ್ತಿಬಿಡುವ ಹೆಂಗಸು. ಹತ್ತಿದರೆ ಜನ್ಮಕ್ಕೂ ಇತ್ತ ಬರುವವಳಲ್ಲ.

ಮಗಳು ಎರಡು ಕ್ರ್ಯಾಂಕನ್ನೂ ಎದೆಗೆ ಅವುಚಿಕೊಂಡು ರಸ್ತೆ ದಾಟಿದಳು.

"ಏನೇ ಅದು?" ಅತ್ತೆ ಎದ್ದವಳು ಅಲ್ಲೇ ನಿಂತಳು. "ಈಗ ತಾನೇ ಕಳಿಸ್ದೆ!"

"ಇದೊಂದು ನೋಡತ್ತೆ."

"ನಂಗೆ ಬೇಡ ಅಂದೆ."

"ಇದೊಂದು ನೋಡು. ಆಮೇಲೆ ಹೋಗೋದಾದ್ರೆ ಹೋಗು, ನಾನೇ ಬಸ್ಸಿಗೆ ಹತ್ತಿಸ್ತೀನಿ."

"ನಿಮ್ಮಪ್ಪನ ಮಗಳೇ ನೀನು! ಅದೇ ಹಟ, ಅದೇ ಮೊಂಡುತನ..." ಅತ್ತೆಯ ದನಿ ಬೀದಿಗೇ ಕೇಳಿಸುವಷ್ಟು ಏರಿತು. ಗಾಡಿಯವನು ತಿರುಗಿ ನೋಡಿದ. ಮಗಳು ಎರಡನ್ನೂ ಬೆಂಚಿನ ಮೇಲೆ, ಟೈಲರ್ ಮಾಮನ ಅಳತೆಪಟ್ಟಿಯ ಪಕ್ಕ, ಒಂದೇ ಸಮಕ್ಕೆ ಜೋಡಿಸಿಟ್ಟಳು.

ಅತ್ತೆ ಬೈಯುತ್ತಲೇ ನೋಡಿದಳು. ಬೈಗುಳ ನಡುವೆಯೇ ನಿಂತಿತು.

"ಒಂದು ಗಿಡ್ಡ."

"ಹೂಂ ಅತ್ತೆ. ಎಡಗಡೇದು."

ಟೈಲರ್ ಮಾಮ ಕತ್ತರಿ ಕೆಳಗಿಟ್ಟರು. ಅತ್ತೆ ತನ್ನ ಕಾಲುಗಳ ಕಡೆ ನೋಡಿಕೊಂಡಳು, ಮೊದಲು ಬಲಗಡೆ, ಆಮೇಲೆ ಎಡಗಡೆ, ಯಾರದೋ ಕಾಲನ್ನು ನೋಡುವ ಹಾಗೆ.

"ಆ ಇಟ್ಟಿಗೆ..."

"ಹೂಂ."

"ಎರಡು ಇಟ್ಟಿಗೆಯಷ್ಟು ಮಾತ್ರ ಎತ್ತಕ್ಕಾಯ್ತು ಅವತ್ತು. ಮೂರನೇದಕ್ಕೆ ಆಗ್ಲಿಲ್ಲ."

"ಎರಡಕ್ಕೇ ಆಗೋ ಹಾಗೆ ಮಾಡಿದಾನೆ ಅತ್ತೆ. ಪೆಡಲ್ಲು ಅದಕ್ಕಿಂತ ಮೇಲೆ ಬರಲ್ಲ."

ಅತ್ತೆ ಧೊಪ್ಪನೆ ಬೆಂಚಿನ ಮೇಲೆ ಕೂತುಬಿಟ್ಟಳು. "ಮುಠ್ಠಾಳ," ಎಂದಳು. "ಮುಠ್ಠಾಳ ಕಣೇ ನನ್ನಣ್ಣ. ಬಾಯಿ ಇರ್ಲಿಲ್ವಾ ಅವನಿಗೆ? ಫೋನಿರ್ಲಿಲ್ವಾ? ಊರವರ ಮಾತೆಲ್ಲ ಕೂಡಿಸಿಕೊಟ್ಟೋಳು ನಾನು, ನಂಗೊಂದು ಮಾತು ಹೇಳೋಕಾಗ್ಲಿಲ್ವಾ ಅವನಿಗೆ?" ಬೈಯುತ್ತಾ ಬೈಯುತ್ತಾ ಬಿಕ್ಕಿದಳು. ಬಿಕ್ಕುತ್ತಾ ಎಡಗಡೆಯ ಕ್ರ್ಯಾಂಕನ್ನು ತೆಗೆದುಕೊಂಡು, ಯಾರ ಕೈಯನ್ನೂ ಹಿಡಿಯದೆ, ರಸ್ತೆ ದಾಟಿದಳು. ಹಾಲಿನಲ್ಲಿ ಕೂತಿದ್ದವರು ಸರಿದು ದಾರಿ ಬಿಟ್ಟರು. ಎಡಗಾಲನ್ನು ಉದ್ದಕ್ಕೆ ಚಾಚಿ ಅವಳು ಅಣ್ಣನ ಪಕ್ಕ ನೆಲದ ಮೇಲೆ ಕೂತಳು, ಬಟ್ಟೆ ಸರಿಸಿ ಮುಖ ನೋಡಿದಳು. ಬಹಳ ಹೊತ್ತು ನೋಡಿದಳು.

"ಅತ್ತಿಗೆ, ಇದು ಕತ್ತರಿಸಿ ಕೂಡಿಸಿದ್ದಲ್ವಾ?"

ಅಮ್ಮ ಗೊತ್ತಿಲ್ಲ ಎಂದು ತಲೆಯಾಡಿಸಿದಳು. ಮಗಳು ಹೌದೆಂದು ತಲೆಯಾಡಿಸಿದಳು.

"ಎಲ್ಲಿ ಕೂಡಿಸಿದಾನೆ?"

ಟೈಲರ್ ಮಾಮ ಬಾಗಿಲಲ್ಲಿ ಕೆಮ್ಮಿ, "ಗಾಡಿಯವನು ಅವಸರ ಮಾಡ್ತಿದಾನೆ," ಎಂದರು.

"ಕಾಯ್ಲಿ," ಎಂದಳು ಅತ್ತೆ.

ಅವಳು ಕ್ರ್ಯಾಂಕನ್ನು ಮಡಿಲಲ್ಲಿ ಇಟ್ಟುಕೊಂಡು ತೋರುಬೆರಳಿನಿಂದ ತಡಕತೊಡಗಿದಳು. ಬೆರಳು ಮೇಲಿಂದ ಕೆಳಗೆ ಬಂತು, ಕೆಳಗಿಂದ ಮೇಲೆ ಹೋಯಿತು. ಎಲ್ಲೂ ತಡೆಯಲಿಲ್ಲ. ಮಗಳಿಗೆ ಆ ಜಾಗ ಗೊತ್ತಿತ್ತು, ಕೈಮಾಡಿ ತೋರಿಸಬಹುದಿತ್ತು, ತೋರಿಸಲಿಲ್ಲ. ಅತ್ತೆ ಕಣ್ಣು ಮುಚ್ಚಿಕೊಂಡಳು. ಬೆರಳು ಆ ಜಾಗದ ಮೇಲೆಯೇ ಹಾದು ಹೋಯಿತು, ಮತ್ತೆ ಬಂತು, ಮತ್ತೆ ಹಾದು ಹೋಯಿತು. ಒರೆಸದೆ ಉಳಿದಿದ್ದ ನಿನ್ನೆಯ ಪಾಲಿಶು ಅವಳ ಬೆರಳಿಗೆ ಹತ್ತಿ, ತುದಿ ಅಣ್ಣನ ಹೆಬ್ಬೆರಳಿನಷ್ಟೇ ಕಪ್ಪಾಗಿತ್ತು.